ಅಗ್ಗಣ್ಣನಿಗಿಂತ ಐವತ್ತು ಕಡಿಮೆ

ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಳೆಯ ಕಾರಿನ ಸೀಟುಗಳಿಗೆ ಹೊಸ ಕವರು ತೊಡಿಸುತ್ತಿದ್ದರು. ಅಂಗಡಿಯವನು ಸಾವಿರದ ಇನ್ನೂರು ಹೇಳಿದ್ದ. ಮೇಷ್ಟ್ರು ಬಹಳ ಹೊತ್ತು ಚೌಕಾಸಿ ಮಾಡಿ, ಎರಡು ಸಲ ಎದ್ದು ಹೊರಟಂತೆ ನಟಿಸಿ, ಎರಡನೇ ಸಲ ರಸ್ತೆಯನ್ನೂ ದಾಟಿ, ಅವನು ಕರೆಯದೇ ಹೋದದ್ದರಿಂದ ತಾವೇ ವಾಪಸು ಬಂದು ಮತ್ತೆ ಶುರುಮಾಡಿದ್ದರು. ಕೊನೆಗೆ ಅವನಿಗೇ ಸಾಕಾಗಿ ಒಂಬೈನೂರಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದ. ಆ ಗೆಲುವಿನ ಖುಷಿ ಇನ್ನೂ ಮೇಷ್ಟ್ರ ಮುಖದ ಮೇಲಿತ್ತು.

ಹಿಂದಿನ ಸೀಟಿನ ಎಲಾಸ್ಟಿಕ್ಕನ್ನು ಎಳೆದು ಕೊಕ್ಕೆಗೆ ಸಿಕ್ಕಿಸುತ್ತಿರುವಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಯಾರೆಂದು ತಿರುಗಿ ನೋಡುವ ಅಗತ್ಯವೇ ಇರಲಿಲ್ಲ.

"ಚೆನ್ನಾಗಿದೆ ಮೇಷ್ಟ್ರೇ. ಎಷ್ಟು ಕೊಟ್ರಿ?"

ಮೂರನೇ ಮಹಡಿಯ ಅಗ್ಗಣ್ಣ. ಮೇಷ್ಟ್ರು ಸುಳ್ಳು ಹೇಳೋಣವೆಂದುಕೊಂಡರು. ಆದರೆ ಬಾಯಿ ಪಾಠಶಾಲೆಯ ಬಾಯಿ, ಥಟ್ಟನೆ ನಿಜವನ್ನೇ ಹೇಳಿಬಿಟ್ಟಿತು. "ಒಂಬೈನೂರು."

ಅಗ್ಗಣ್ಣ ಕವರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ನಾಲಿಗೆಯಿಂದ 'ಚ್ಚು' ಎಂದು ಒಂದು ಸಣ್ಣ ಸದ್ದು ಮಾಡಿದರು. "ನಂಗೊಂದು ಮಾತು ಹೇಳಬಾರದಿತ್ತಾ. ನಾನೂರೈವತ್ತಕ್ಕೆ ಕೊಡಿಸ್ತಿದ್ದೆ" ಎಂದು ಬ್ರೆಡ್ಡಿನ ಪೊಟ್ಟಣ ತೂಗಾಡಿಸುತ್ತ ಮೆಟ್ಟಿಲು ಹತ್ತಿ ಹೋದರು.

ಮೇಷ್ಟ್ರು ಕಾರಿನಿಂದ ಹೊರಗೆ ಬಂದು, ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಬಾಗಿಲನ್ನು ದಢಾರನೆ ಬಡಿದರು. ಬಡಿದ ಮೇಲೆ ನೋಡುತ್ತಾರೆ, ಕೀಲಿ ಹೊಸ ಕವರಿನ ಮೇಲೆ ಹಾಯಾಗಿ ಮಲಗಿದೆ. ಉಳಿದ ಮೂರು ಬಾಗಿಲುಗಳಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಕವರು ಎಳೆಯುವ ರಭಸದಲ್ಲಿ ಮೊಣಕೈ ತಾಗಿ ಈ ಬಾಗಿಲಿನದೂ ಬಿದ್ದಿತ್ತು. ಇನ್ನೊಂದು ಕೀಲಿ ಎಲ್ಲಿದೆಯೆಂದು ಅವರಿಗೆ ಚೆನ್ನಾಗಿ ನೆನಪಿತ್ತು. ಕಳೆದುಹೋಗಬಾರದೆಂದು ಅದನ್ನು ಅದೇ ಕಾರಿನೊಳಗೆ, ಸ್ಟಿಯರಿಂಗ್ ಪಕ್ಕದ ಖಾನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು.

ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಅಗ್ಗಣ್ಣನ ನಿಜವಾದ ಹೆಸರು ಗೊತ್ತಿದ್ದದ್ದು ಅಂಚೆಯವನೊಬ್ಬನಿಗೆ. ವಿಮಾ ಕಚೇರಿಯಲ್ಲಿ ಅವರ ಕೆಲಸ. ಆದರೆ ಖ್ಯಾತಿ ಬಂದದ್ದು ಬೇರೆ ಕಾರಣಕ್ಕೆ. ನೀವು ಫ್ಯಾನು ಕೊಂಡರೆ ಅದೇ ಫ್ಯಾನು ಅವರಿಗೆ ಮುನ್ನೂರು ಕಡಿಮೆಗೆ ಸಿಕ್ಕಿರುತ್ತಿತ್ತು. ನೀವು ಛತ್ರಿ ಕೊಂಡರೆ ಅವರ ಛತ್ರಿ ನಿಮ್ಮದರ ಅರ್ಧ ಬೆಲೆಗೆ ಬಂದಿರುತ್ತಿತ್ತು. ಅದೂ ಸಾಲದೆಂಬಂತೆ, ಕೇಳಿದವರಿಗೆಲ್ಲ ಅದೇ ಬೆಲೆಗೆ ತಂದೂ ಕೊಡುತ್ತಿದ್ದರು. ಯಾವ ಅಂಗಡಿ ಎಂದು ಮಾತ್ರ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ನಕ್ಕು, "ನಮಗೆ ಬಿಡಿ" ಎನ್ನುತ್ತಿದ್ದರು.

ಮೇಷ್ಟ್ರಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಬೇರೆಯವರ ದೊಡ್ಡ ಮನೆಯಾಗಲಿ, ದೊಡ್ಡ ಸಂಬಳವಾಗಲಿ ಅವರ ನಿದ್ದೆ ಕೆಡಿಸಿದ್ದಿಲ್ಲ. ಆದರೆ ಮನೆಗೆ ಒಂದು ಪೊರಕೆ ತಂದರೂ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ, "ಅಗ್ಗಣ್ಣನ್ನ ಒಂದು ಮಾತು ಕೇಳಬಹುದಿತ್ತು" ಎಂದಾಗ ಅವರ ಹೊಟ್ಟೆಯೊಳಗೆ ಕೆಂಡ ಬೀಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಇವರ ಚಿತ್ರಗಳನ್ನು ಹೊಗಳಿದ್ದುಂಟು, ಇವರ ತಾಳ್ಮೆಯನ್ನು ಹೊಗಳಿದ್ದುಂಟು, ಇವರ ವ್ಯವಹಾರವನ್ನು ಹೊಗಳಿದ್ದಿಲ್ಲ. ಒಂದೇ ಒಂದು ಸಲ, ಯಾವುದಾದರೂ ಒಂದು ವಸ್ತು, ಅಗ್ಗಣ್ಣನಿಗಿಂತ ಕಡಿಮೆಗೆ ತಮಗೆ ಸಿಗಬೇಕು, ಅದನ್ನು ಹೆಂಡತಿ ಕಿವಿಯಾರೆ ಕೇಳಬೇಕು. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಸೆ ಬೇರೇನೂ ಇರಲಿಲ್ಲ.

ಬಾಗಿಲಿನ ಸದ್ದಿಗೆ ಮೊದಲು ಇಳಿದು ಬಂದವರು ಮೊದಲ ಮಹಡಿಯ ನಿವೃತ್ತ ಇಂಜಿನಿಯರು. ಅವರು ಕಟ್ಟಿಸಿದ್ದು ಸೇತುವೆಗಳನ್ನು. ಆದರೂ ಯಾವ ಯಂತ್ರ ಕೆಟ್ಟರೂ ತಮಗೇ ಸೇರಿದ್ದು ಎಂದು ತಿಳಿದಿದ್ದರು.

"ಕೀಲಿ ಒಳಗೆ ಬಿಟ್ರಾ? ಏನೂ ಯೋಚನೆ ಬೇಡ. ಒಂದು ಸ್ಕೇಲು ತರ್ತೀನಿ" ಎಂದು ಹೋಗಿ ಉಕ್ಕಿನ ಸ್ಕೇಲು ತಂದು ಗಾಜಿನ ಸಂದಿಗೆ ತೂರಿಸಿದರು. ಸ್ಕೇಲು ಸಲೀಸಾಗಿ ಒಳಗೆ ಹೋಯಿತು. ಮುಂದೆ ಹೊರಗೆ ಬರಲಿಲ್ಲ. ಎಳೆದಾಡಿದಾಗ ಕಿಟಕಿಯ ರಬ್ಬರು ಒಂದು ಗೇಣಿನಷ್ಟು ಕಿತ್ತುಬಂತು, ಸ್ಕೇಲು ಬಾಗಿಲಿನ ಹೊಟ್ಟೆಯೊಳಗೆ ಠಣ್ ಎಂದು ಬಿತ್ತು.

"ನನ್ನ ಸರ್ವಿಸ್ಸಿನ ಮೊದಲ ದಿನದ ಸ್ಕೇಲು ಅದು" ಎಂದು ಇಂಜಿನಿಯರು ಮೇಷ್ಟ್ರ ಮುಖವನ್ನೇ ನೋಡಿದರು, ಮೇಷ್ಟ್ರು ಅದನ್ನು ಕದ್ದರೆಂಬಂತೆ.

ಅಷ್ಟರಲ್ಲಿ ಕೆಳಮನೆಯ ಟೈಲರಿಂಗ್ ಅಕ್ಕ ಬಟ್ಟೆ ನೇತುಹಾಕುವ ತಂತಿಯೊಂದನ್ನು ನೆಟ್ಟಗೆ ಮಾಡಿಕೊಂಡು ಬಂದರು. "ಸರಿಯಿರಿ ಸಾರ್, ಇದಕ್ಕೆ ಕೈ ಹಗುರ ಇರಬೇಕು." ಅವರ ಕೈ ಹಗುರವಾಗಿಯೇ ಇತ್ತು, ತಂತಿ ಹಗುರವಾಗಿರಲಿಲ್ಲ. ಹಿಡಿಯ ಸುತ್ತ ಬಣ್ಣದ ಮೇಲೆ ಎರಡು ಬಿಳಿ ಗೆರೆ ಎದ್ದವು. ಡ್ರಾಯಿಂಗ್ ಮೇಷ್ಟ್ರಾದ್ದರಿಂದ ಆ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ ಎಂಬುದೂ ಅವರ ಕಣ್ಣಿಗೆ ಬಿತ್ತು.

"ಇದು ನಮ್ಮ ಕೈಲಾಗೋ ಕೆಲಸ ಅಲ್ಲ" ಎಂದು ಅಕ್ಕ ತಂತಿಯನ್ನು ಮಡಿಸಿದರು. "ಹೋದ ಮಳೆಗಾಲದಲ್ಲಿ ಅಗ್ಗಣ್ಣನ ಕಾರೂ ಹೀಗೇ ಆಗಿತ್ತಲ್ಲ. ಯಾರನ್ನೋ ಕರೆಸಿ ಇನ್ನೂರಕ್ಕೆ ತೆಗೆಸಿದ್ರು. ಅವರನ್ನೇ ಒಂದು ಮಾತು ಕೇಳಿ."

"ಹೌದು, ಇನ್ನೂರು" ಎಂದು ಇಂಜಿನಿಯರು ಅನುಮೋದಿಸಿದರು. "ಬರೀ ಇನ್ನೂರು."

ಅದೇ ಹೊತ್ತಿಗೆ ಮೇಲಿನಿಂದ ಮೇಷ್ಟ್ರ ಹೆಂಡತಿ ಬಾಲ್ಕನಿಯಿಂದ ಬಗ್ಗಿ, "ರೀ, ಏನದು ಗಲಾಟೆ? ಅಮ್ಮನ ರೈಲು ಬರೋ ಹೊತ್ತಾಯ್ತು, ಇನ್ನೂ ಹೊರಟಿಲ್ವಾ?" ಎಂದಳು. ವಿಷಯ ತಿಳಿದ ಮೇಲೆ ಒಂದು ಕ್ಷಣವೂ ಯೋಚಿಸದೆ, "ಹಾಗಾದ್ರೆ ಅಗ್ಗಣ್ಣನ್ನ ಕೇಳೋದಲ್ವಾ" ಎಂದಳು.

ಮೇಷ್ಟ್ರ ತಾಳ್ಮೆ ತಪ್ಪಿತು. "ಯಾರನ್ನೂ ಕೇಳಬೇಕಾಗಿಲ್ಲ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದರು. "ಅವರು ಇನ್ನೂರಕ್ಕೆ ತೆಗೆಸಿದ್ರಾ? ನಾನು ನೂರೈವತ್ತಕ್ಕೆ ತೆಗೆಸ್ತೀನಿ. ನೋಡ್ತಾ ಇರಿ."

ಮೂರನೇ ಮಹಡಿಯ ಕಿಟಕಿ ಮೆಲ್ಲನೆ ತೆರೆದುಕೊಂಡದ್ದನ್ನು ಮೇಷ್ಟ್ರು ಗಮನಿಸಿದರು. ಆಡಿದ ಮಾತನ್ನು ಇನ್ನು ನುಂಗಿಕೊಳ್ಳುವಂತಿರಲಿಲ್ಲ.

ಫೋನಿನಲ್ಲಿ ಬೀಗ ತೆಗೆಯುವವರನ್ನು ಹುಡುಕಿ ಮೊದಲ ನಂಬರಿಗೆ ಕರೆ ಮಾಡಿದರು. ಒಂದು ಹೆಣ್ಣು ದನಿ ಬಹಳ ವಿನಯದಿಂದ ಮೂರೂವರೆ ಸಾವಿರ ಎಂದಿತು, ರಜಾದಿನದ ಶುಲ್ಕ ಬೇರೆ. ಎರಡನೆಯವನು ಎರಡೂವರೆ ಸಾವಿರ ಎಂದ. ಮೇಷ್ಟ್ರು ನೂರೈವತ್ತು ಎಂದರು. "ಇನ್ನೊಂದು ಸಲ ಹೇಳಿ ಸಾರ್, ನಮ್ಮ ಹುಡುಗ್ರೂ ಕೇಳಿಸ್ಕೊಳ್ಳಲಿ" ಎಂದು ಅವನು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟ. ಮೇಷ್ಟ್ರು ಇನ್ನೊಂದು ಸಲ ಹೇಳಿದರು. ನಾಲ್ಕೈದು ಜನ ನಕ್ಕ ಸದ್ದು ಕೇಳಿ ಫೋನು ಕಟ್ಟಾಯಿತು.

ಮೂರನೆಯವನು ಮಾತು ಕಡಿಮೆ ಆಡುವ ಮನುಷ್ಯ. "ಬಂದು ನೋಡ್ತೀನಿ. ನೋಡಿದ ಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿದ.

ಅವನಿಗಾಗಿ ಕಾಯುತ್ತಿರುವಾಗ ಮೆಟ್ಟಿಲಿನ ಮೇಲೆ ಅದೇ ಚಪ್ಪಲಿಯ ಸದ್ದು. ಅಗ್ಗಣ್ಣ ಒಗೆದ ಅಂಗಿ ತೊಟ್ಟು, ತಲೆ ಬಾಚಿ, ತಮ್ಮ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಇಳಿದು ಬಂದರು. ಹಿಂದೆಯೇ ಮೇಷ್ಟ್ರ ಹೆಂಡತಿ.

"ಮೇಷ್ಟ್ರೇ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ. ಅತ್ತೆಯವರನ್ನ ನಾನು ಕರ್ಕೊಂಡು ಬರ್ತೀನಿ" ಎಂದರು ಅಗ್ಗಣ್ಣ.

"ಪಾಪ, ಕೇಳಿದ ತಕ್ಷಣ ಒಪ್ಕೊಂಡ್ರು" ಎಂದಳು ಹೆಂಡತಿ. ಅವಳು ಪೆಟ್ರೋಲಿನ ಹಣದ ಮಾತೆತ್ತಿದಾಗ, "ಅಯ್ಯೋ ಬಿಡಿ, ನನಗೆ ಪೆಟ್ರೋಲೂ ಕಡಿಮೆಗೇ ಸಿಗುತ್ತೆ" ಎಂದು ಅಗ್ಗಣ್ಣ ನಕ್ಕರು. ಹೆಂಡತಿಯೂ ಹತ್ತಿ ಕೂತಳು. ಅವರ ಕಾರು ಗೇಟು ದಾಟಿ ಹೋಗುವವರೆಗೂ ಮೇಷ್ಟ್ರು ಹಲ್ಲು ಕಚ್ಚಿ ನಿಂತಿದ್ದರು. ತಮ್ಮ ಅತ್ತೆ, ತಮ್ಮ ಹೆಂಡತಿ, ತಮ್ಮ ರೈಲ್ವೆ ಸ್ಟೇಷನ್ನು, ಎಲ್ಲವನ್ನೂ ಆ ಮನುಷ್ಯ ಕವಡೆ ಖರ್ಚಿಲ್ಲದೆ ಹೊಡೆದುಕೊಂಡು ಹೋದನಲ್ಲ ಎಂದು ಅವರ ಹೊಟ್ಟೆ ಉರಿಯಿತು.

ಬೀಗದವನು ಸ್ಕೂಟರಿನಲ್ಲಿ ಬಂದ. ಮೇಷ್ಟ್ರು ಇಂಜಿನಿಯರನ್ನೂ ಟೈಲರಿಂಗ್ ಅಕ್ಕನನ್ನೂ, "ಬಿಸಿಲು ಏರ್ತಾ ಇದೆ, ನೀವ್ಯಾಕೆ ತೊಂದರೆ ತಗೋತೀರಿ" ಎಂದು ಒತ್ತಾಯ ಮಾಡಿ ಮನೆಯೊಳಗೆ ಕಳಿಸಿದರು. ಚೌಕಾಸಿ ಮಾಡುವವನಿಗೆ ಸಾಕ್ಷಿಗಳು ಇರಬಾರದು.

ಬೀಗದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಿತ್ತುಬಂದ ರಬ್ಬರನ್ನೂ ಬಿಳಿ ಗೆರೆಗಳನ್ನೂ ನೋಡಿ, "ಎಲ್ಲರೂ ಕೈಯಾಡಿಸಿ ಮುಗಿಸಿದ್ದಾರೆ" ಎಂದ. "ಸಾವಿರದ ಎಂಟುನೂರು."

"ನೂರೈವತ್ತು" ಎಂದರು ಮೇಷ್ಟ್ರು.

ಅವನು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಸ್ಕೂಟರಿನ ಸ್ಟ್ಯಾಂಡು ಎತ್ತಿದ.

"ಇರಪ್ಪ, ಇರು. ಇದೇ ಕಟ್ಟಡದ ಮೂರನೇ ಮಹಡಿಯವರಿಗೆ ಇನ್ನೂರಕ್ಕೆ ತೆಗೆದುಕೊಟ್ಟಿದ್ದಾರೆ. ಯಾರು ತೆಗೆದರೋ ಅವರ ನಂಬರಾದ್ರೂ ಕೊಡು."

"ಮೂರನೇ ಮಹಡಿನಾ?" ಬೀಗದವನು ಸ್ಟ್ಯಾಂಡು ಇಳಿಸಿ ಕಟ್ಟಡವನ್ನು ಕತ್ತೆತ್ತಿ ನೋಡಿದ. "ನೀಲಿ ಕಾರು, ವಿಮಾ ಕಚೇರಿಯವರು? ಅದನ್ನ ತೆಗೆದಿದ್ದು ನಾನೇ ಸಾರ್. ಮಾರ್ಕೆಟ್ಟಿನ ಹತ್ರ, ಜೋರು ಮಳೆಯಲ್ಲಿ. ಎರಡು ಸಾವಿರದ ಇನ್ನೂರು ತಗೊಂಡೆ."

"ಇನ್ನೂರು ಅಂದ್ರಲ್ಲ ಅವರು."

"ಇನ್ನೂರು ಸರಿಯಾಗೇ ಹೇಳಿದ್ದಾರೆ. ಅದರ ಹಿಂದಿನ ಎರಡು ಸಾವಿರ ನುಂಗಿದ್ದಾರೆ. ಚೌಕಾಸಿನೂ ಮಾಡಲಿಲ್ಲ, ಪಾಪ. ಕೇಳಿದ್ದನ್ನ ಕೊಟ್ಟು, ಯಾರಾದ್ರೂ ಕೇಳಿದ್ರೆ ಇನ್ನೂರು ಅಂತ ಹೇಳಪ್ಪ ಅಂದ್ರು. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಈಗ ನೀವು ಕೇಳಿದಾಗ ಮರೆತು ನಿಜ ಹೇಳಿಬಿಟ್ಟೆ."

ಮೇಷ್ಟ್ರಿಗೆ ಮೊದಲು ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಆಮೇಲೆ ನಗು ಬಂತು. ಆಮೇಲೆ ಇಷ್ಟು ವರ್ಷ ಹೊಟ್ಟೆಯಲ್ಲಿ ಉರಿಯುತ್ತಿದ್ದ ಕೆಂಡಕ್ಕೆ ಯಾರೋ ಒಂದು ಕೊಡ ತಣ್ಣೀರು ಸುರಿದಂತಾಯಿತು. ಹಾಗಾದರೆ ಛತ್ರಿ? ಫ್ಯಾನು? ಎಲ್ಲ ಬುರುಡೆ. ಅಗ್ಗಣ್ಣನೂ ತಮ್ಮ ಹಾಗೆಯೇ, ತಮಗಿಂತಲೂ ಕಡೆ, ಅಂಗಡಿಯವನು ಹೇಳಿದಷ್ಟು ಎಣಿಸಿ ಕೊಟ್ಟು ಬರುವ ಮನುಷ್ಯ. ಮೇಷ್ಟ್ರು ಬೀಗದವನ ಭುಜ ತಟ್ಟಿ, "ಸಾವಿರದ ಎಂಟುನೂರು ತಾನೆ? ತಗೊಳಪ್ಪ, ಸಂತೋಷವಾಗಿ ತಗೋ" ಎಂದರು.

ಬೀಗದವನು ಗಾಳಿ ತುಂಬುವ ಸಣ್ಣ ಚೀಲವೊಂದನ್ನು ಬಾಗಿಲಿನ ಸಂದಿಗೆ ತೂರಿಸಿ ಉಬ್ಬಿಸಿದ, ಉದ್ದನೆಯ ಕಂಬಿಯೊಂದನ್ನು ಒಳಗೆ ಬಿಟ್ಟ, ಚಿಲಕ ಎತ್ತಿದ. ಮೇಷ್ಟ್ರು ಮೂಗು ಒರೆಸಿಕೊಳ್ಳುವುದರೊಳಗೆ ಬಾಗಿಲು ತೆರೆದಿತ್ತು. ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಅಷ್ಟೊಂದೇ ಎಂದು ಅವರು ಮರುಗುತ್ತಿದ್ದರು. ಇವತ್ತು ಅದು ಬಾಗಿಲು ತೆಗೆಸಿದ ಖರ್ಚು ಎನಿಸಲಿಲ್ಲ, ಅಗ್ಗಣ್ಣನ ಬಂಡವಾಳವನ್ನು ಬಯಲು ಮಾಡಿಸಿಕೊಂಡದ್ದಕ್ಕೆ ಕೊಟ್ಟ ಹಣ ಎನಿಸಿತು. ಆ ಲೆಕ್ಕದಲ್ಲಿ ಅದು ತೀರ ಅಗ್ಗ.

ಸ್ಕೂಟರು ಆ ಕಡೆ ಹೋಗುವುದಕ್ಕೂ ನೀಲಿ ಕಾರು ಈ ಕಡೆ ಬರುವುದಕ್ಕೂ ಸರಿಹೋಯಿತು. ಹೆಂಡತಿಯೂ ಅತ್ತೆಯೂ ಇಳಿದರು. ಅತ್ತೆಯ ಕೈಯಲ್ಲಿ ಒಂದು ಚೀಲ ಕಿತ್ತಳೆ ಹಣ್ಣು.

"ಅಳಿಯಂದ್ರೇ, ಎಂಥಾ ಮನುಷ್ಯರು ಇವರು" ಎಂದರು ಅತ್ತೆ, ಉಳಿದಿದ್ದ ನಾಲ್ಕೇ ಹಲ್ಲು ಕಾಣಿಸುತ್ತ. "ಸ್ಟೇಷನ್ ಹತ್ರ ಹಣ್ಣಿನವನು ಕಿಲೋಗೆ ನೂರು ಅಂತಿದ್ದ. ಇವರು ಒಬ್ಬರೇ ಹೋಗಿ ಏನೋ ಮಾತಾಡಿದ್ರು, ಐವತ್ತಕ್ಕೆ ತಂದುಕೊಟ್ರು. ನಮ್ಮ ಅಳಿಯಂದ್ರಿಗೂ ಸ್ವಲ್ಪ ಕಲಿಸಿಕೊಡಿ ಅಂದೆ."

ದನಿ ಕೇಳಿ ಇಂಜಿನಿಯರೂ ಟೈಲರಿಂಗ್ ಅಕ್ಕನೂ ಹೊರಗೆ ಬಂದರು. ತೆರೆದ ಬಾಗಿಲನ್ನು ಎಲ್ಲರೂ ನೋಡಿದರು.

"ತೆಗೆಸಿಬಿಟ್ರಾ? ಎಷ್ಟಾಯ್ತು ರೀ?" ಎಂದಳು ಹೆಂಡತಿ. ಅವಳ ದನಿಯಲ್ಲಿ ಆಗಲೇ ಅರ್ಧ ಬೇಸರ ಸೇರಿಕೊಂಡಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಗ್ಗಣ್ಣನ ಬಣ್ಣ ಬಯಲಾಗುವ ಕ್ಷಣ ಬಂದಿತ್ತು. ಎರಡು ಸಾವಿರದ ಇನ್ನೂರು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು. ಅದನ್ನು ಹೇಳಬೇಕಾದರೆ ಮೊದಲು ತಾವು ಕೊಟ್ಟದ್ದು ಹೇಳಬೇಕು. ಅಗ್ಗಣ್ಣ ಸುಳ್ಳ ಎಂದು ಗೊತ್ತಾದರೆ ಹೆಂಡತಿ ಅಗ್ಗಣ್ಣನನ್ನು ಕೇಳುವುದು ಬಿಟ್ಟಾಳು, ನಿಜ. ಆದರೆ ಅದರಿಂದ ತಮ್ಮನ್ನು ಮೆಚ್ಚುತ್ತಾಳೆಯೆ? ನೂರೈವತ್ತು ಎಂದು ಕೂಗಿ ಸಾವಿರದ ಎಂಟುನೂರು ತೆತ್ತವರು ಎಂದು ಇನ್ನೂ ಹತ್ತು ವರ್ಷ ಆಡಿಕೊಳ್ಳುತ್ತಾಳೆ. ಸುತ್ತ ನಿಂತ ಐದು ಮುಖಗಳನ್ನು ನೋಡಿದರು. ಅಗ್ಗಣ್ಣನ ಮುಖವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ಹೇಳಿದ್ನಲ್ಲ" ಎಂದರು. "ನೂರೈವತ್ತು."

ಹೆಂಡತಿ ಅವರನ್ನು ನೋಡಿದ ನೋಟವಿದೆಯಲ್ಲ, ಅದನ್ನು ಅವರು ಮದುವೆಯ ದಿನವೂ ಕಂಡಿರಲಿಲ್ಲ. "ನಿಜವಾಗ್ಲೂನಾ?" ಎಂದು ಅವಳು ಹತ್ತಿರ ಬಂದು, ಅವರ ಅಂಗಿಯ ತೋಳಿಗೆ ಅಂಟಿದ್ದ ಧೂಳನ್ನು ತಾನೇ ಕೊಡವಿದಳು. "ನೋಡಮ್ಮ, ಅಗ್ಗಣ್ಣನಿಗಿಂತ ಐವತ್ತು ಕಡಿಮೆ."

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಓರೆಗಣ್ಣಿನಲ್ಲಿ ಅಗ್ಗಣ್ಣನನ್ನು ನೋಡಿದರು. ಹೊಟ್ಟೆಕಿಚ್ಚು ಆ ಮುಖದ ಮೇಲೆ ಹೇಗೆ ಕಾಣುತ್ತದೆಂದು ನೋಡುವ ಆಸೆ. ಆದರೆ ಅಗ್ಗಣ್ಣನ ಕಣ್ಣಲ್ಲಿ ನೀರಾಡುತ್ತಿತ್ತು, ಮುಖದ ಮೇಲೆ ಎಂಥದೋ ನೆಮ್ಮದಿ ಇತ್ತು.

"ಮೇಷ್ಟ್ರೇ" ಎಂದರು ಟೈಲರಿಂಗ್ ಅಕ್ಕ, "ನನ್ನ ಅಂಗಡಿ ಶಟರಿನ ಬೀಗ ತುಕ್ಕು ಹಿಡಿದು ಕೂತಿದೆ. ನಾಳೆ ಅವನನ್ನೇ ಕರೆಸಿಕೊಡಿ. ತಗೊಳ್ಳಿ ನೂರೈವತ್ತು, ಈಗಲೇ ಇಟ್ಕೊಳ್ಳಿ."

"ನಮ್ಮ ಬೀರುವಿನದೂ ಇದೆ" ಎಂದರು ಇಂಜಿನಿಯರು. "ಹಾಗೇ ಆ ಸ್ಕೇಲೂ ತೆಗೆಸಿಕೊಡಿ. ಅದನ್ನ ಇದೇ ರೇಟಲ್ಲಿ ಸೇರಿಸ್ಕೊಳ್ಳಲಿ. ಆಮೇಲೆ ಫ್ರಿಜ್ಜಿನ ವಿಷಯ ಮಾತಾಡೋಣ."

ಮೇಷ್ಟ್ರು ಬೇಡವೆನ್ನುವುದರೊಳಗೆ ಅವರ ಅಂಗಿಯ ಜೇಬಿಗೆ ಎರಡು ಕಡೆಯಿಂದ ನೋಟುಗಳು ಬಿದ್ದಿದ್ದವು. ಕೊಟ್ಟವರು ನಿಶ್ಚಿಂತೆಯಿಂದ ಒಳಗೆ ಹೋದರು. ಅಗ್ಗಣ್ಣ ಮೇಷ್ಟ್ರ ಕೈ ಹಿಡಿದು ಕಾರಿನ ಆ ಬದಿಗೆ ಕರೆದೊಯ್ದರು.

"ಗೇಟಲ್ಲಿ ಎದುರಾದ ಬೀಗದವನ ಗುರುತು ಸಿಕ್ಕಿತು. ಅವನು ನಿಜವಾಗಿ ಎಷ್ಟು ತಗೊಂಡ?" ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರು ತಲೆ ತಗ್ಗಿಸಿದರು. "ಸಾವಿರದ ಎಂಟುನೂರು."

"ಹಾಗಾದ್ರೆ ನಿಜವಾಗಿಯೂ ನೀವೇ ಗೆದ್ರಿ. ನನ್ನ ಹತ್ರ ಎರಡು ಸಾವಿರದ ಇನ್ನೂರು ತಗೊಂಡಿದ್ದ." ಅಗ್ಗಣ್ಣ ನಿಟ್ಟುಸಿರು ಬಿಟ್ಟರು. "ನಾನು ಶುರುಮಾಡಿದ್ದು ಒಂದು ಛತ್ರಿಯಿಂದ. ಎಷ್ಟು ಕೊಟ್ರಿ ಅಂತ ಯಾರೋ ಕೇಳಿದ್ರು. ಸುಮ್ಮನೆ ಅರ್ಧ ಹೇಳಿದೆ. ಹಾಗಾದ್ರೆ ನಮಗೂ ಒಂದು ತನ್ನಿ ಅಂದ್ರು. ಇಲ್ಲ ಅನ್ನೋಕೆ ನಾಚಿಕೆ. ಅರ್ಧ ಅವರದು, ಅರ್ಧ ನನ್ನದು. ಇಂಜಿನಿಯರ ಫ್ಯಾನು, ಅಕ್ಕನ ಹೊಲಿಗೆ ಯಂತ್ರದ ಮೋಟಾರು, ನಿಮ್ಮ ಮನೆಯವರ ಇಸ್ತ್ರಿ ಪೆಟ್ಟಿಗೆ, ಈಗ ತಂದ ಕಿತ್ತಳೆ, ಎಲ್ಲದರಲ್ಲೂ ಅರ್ಧ ನನ್ನದು. ನನ್ನ ಅರ್ಧ ಸಂಬಳ ಈ ಕಟ್ಟಡದ ಮನೆಮನೆಯಲ್ಲೂ ಇದೆ ಮೇಷ್ಟ್ರೇ. ಬಿಡೋಣ ಅಂದ್ರೆ ನನಗಿಂತ ಕಡಿಮೆ ಹೇಳೋನು ಒಬ್ಬನೂ ಹುಟ್ಟಿರಲಿಲ್ಲ."

ಮೇಷ್ಟ್ರು ಜೇಬಿನ ನೋಟುಗಳನ್ನು ಹೊರಗೆ ತೆಗೆದರು. "ನಾನು ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿಬಿಡ್ತೀನಿ" ಎಂದರು.

"ಹೇಳಿ. ನಾನೂ ದಿನಾ ಬೆಳಿಗ್ಗೆ ಹಾಗೇ ಅಂದುಕೊಳ್ತಿದ್ದೆ" ಎಂದು ಅಗ್ಗಣ್ಣ ಆ ಕಡೆ ಕೈ ತೋರಿಸಿದರು.

ಆ ಕಡೆ ಹೆಂಡತಿ ತನ್ನ ತಾಯಿಗೆ ಗಂಡನ ವ್ಯವಹಾರದ ಚಾತುರ್ಯವನ್ನು ಕೈ ತಿರುವಿ ವರ್ಣಿಸುತ್ತಿದ್ದಳು. ಇಂಥ ಮಾತು ಅವಳ ಬಾಯಿಂದ ಬಂದದ್ದೇ ಮೊದಲು. ಮೇಷ್ಟ್ರು ಎರಡು ಹೆಜ್ಜೆ ಮುಂದಿಟ್ಟರು. ಅವಳು ತಿರುಗಿ ನೋಡಿ ನಕ್ಕಳು. ಮೇಷ್ಟ್ರು ಅಲ್ಲೇ ನಿಂತರು.

ಅಗ್ಗಣ್ಣ ಅವರನ್ನು ದಾಟಿ ಅತ್ತೆಯ ಬಳಿಗೆ ಹೋದರು. ಹೆಗಲ ಮೇಲಿನ ಮೂಟೆ ಇಳಿಸಿ ಬಂದ ಹಮಾಲಿಯ ನಡಿಗೆ ಅವರದಾಗಿತ್ತು.

"ಅಮ್ಮ, ದಾರಿಯಲ್ಲಿ ನಿಮಗೆ ಹಲ್ಲಿನ ಸೆಟ್ಟು ಸಾವಿರಕ್ಕೆ ಮಾಡಿಸಿಕೊಡ್ತೀನಿ ಅಂದಿದ್ದೆನಲ್ಲ" ಎಂದರು. "ಮನೆಯಲ್ಲೇ ಇಂಥ ಅಳಿಯ ಇರುವಾಗ ಮಧ್ಯೆ ನಾನ್ಯಾಕೆ? ಅವರಾದ್ರೆ ನಿಮಗೆ ಎಂಟುನೂರಕ್ಕೇ ಮಾಡಿಸಿಕೊಡ್ತಾರೆ."

ಪೇಟೆಯ ದಂತವೈದ್ಯರು ಅದಕ್ಕೆ ಹದಿನೆಂಟು ಸಾವಿರ ತೆಗೆದುಕೊಳ್ಳುತ್ತಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಹೋದ ತಿಂಗಳು ಅವರ ಶಾಲೆಯ ಹೆಡ್‌ಮಾಸ್ಟರು ಕಟ್ಟಿಸಿಕೊಂಡಿದ್ದರು. ಮೇಷ್ಟ್ರು ಕಾರಿನ ಬಾಗಿಲು ಹಿಡಿದುಕೊಂಡರು.

ಅತ್ತೆಗೆ ಆನಂದ ಹೇಳತೀರದಾಯಿತು. "ಎಂಟುನೂರಕ್ಕಾ ಅಳಿಯಂದ್ರೇ?" ಎಂದು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಎರಡು ಸೆಟ್ಟು ಮಾಡಿಸಿಬಿಡಿ. ಊರಲ್ಲಿ ನಮ್ಮಕ್ಕನಿಗೂ ಹಲ್ಲಿಲ್ಲ" ಎಂದರು.